ನಲವತ್ತೆರಡನೆಯ ಕೊಂಬು

ಈಸ್ಟರ್ ಕಳೆದ ಬುಧವಾರ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ, ಸಾರ್ವೋ ಎಸ್ಟೇಟಿನ ಒಂಬೈನೂರು ವರ್ಷಗಳ ಇತಿಹಾಸದಲ್ಲಿ ದಾಖಲಾಗಲೇಬೇಕಾದ ಸಂಗತಿಯೊಂದು ಹೊರಬಿದ್ದಿತು. ಸನ್ಯಾಸಿಗಳು ಬಂದು ಇಲ್ಲಿ ಮೊದಲ ದ್ರಾಕ್ಷಿ ಬಳ್ಳಿ ನೆಟ್ಟರು. ಕ್ರಾಂತಿಕಾರರು ಬಂದು ಸನ್ಯಾಸಿಗಳನ್ನು ಓಡಿಸಿದರು. ಆಮೇಲೆ ಬೇರುಹುಳ ಬಂದು ಇಡೀ ಗುಡ್ಡವನ್ನೇ ತಿಂದು ಮುಗಿಸಿತು. ಆ ಸಾಲಿನಲ್ಲಿ ನಾನು ಇದನ್ನೂ ಇಡುತ್ತೇನೆ: ನೆಲದಿಂದ ಅಗೆದು ತೆಗೆದ ನಲವತ್ತೆರಡು ಕೊಂಬುಗಳಲ್ಲಿ ಒಂದು ಹಸುವಿನದಲ್ಲ, ಎತ್ತಿನದು.

ಅದನ್ನು ಕಂಡುಹಿಡಿದವರು ಪೊಲೀಸ್ ಕ್ಯಾಪ್ಟನ್ ಲೂಬೆ. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ ಕೂತಿದ್ದ ಆ ಹೆಂಗಸು, ಕೊಂಬನ್ನು ಬೆಳಕಿಗೆ ಹಿಡಿದು ನಾಲ್ಕು ಸಲ ತಿರುಗಿಸಿ, ಸಾಕ್ಷಿಗೆಂದು ಕರೆಸಿದ್ದ ನನ್ನ ಕೈಗೆ ಕೊಟ್ಟರು.

"ಬೆರಳಾಡಿಸಿ ನೋಡಿ, ಮೇಷ್ಟ್ರೇ. ಏನಾದ್ರೂ ಸಿಗುತ್ತಾ?"

"ನುಣ್ಣಗಿದೆ."

"ಈಗ ಇದನ್ನ ಮುಟ್ಟಿ." ಇನ್ನೊಂದು ಕೊಟ್ಟರು. ಅದರ ಬುಡದಲ್ಲಿ ಬಳೆ ತೊಡಿಸಿದಂತೆ ಉಬ್ಬು ಗೆರೆಗಳಿದ್ದವು. "ಒಂದೊಂದು ಸೂಲಿಗೆ ಒಂದೊಂದು ಬಳೆ. ಇವಳು ಐದು ಕರು ಹಾಕಿದಾಳೆ. ನಮ್ಮಪ್ಪ ಹಾಲಿನವನು, ನಾನು ಅಕ್ಷರ ಕಲಿಯೋಕೆ ಮುಂಚೆ ಇದನ್ನ ಓದೋದು ಕಲ್ತೆ. ಎತ್ತು ಎಲ್ಲಿ ಈಯುತ್ತೆ, ಹೇಳಿ?"

ಎತ್ತು ಈಯುವುದಿಲ್ಲವೆಂದು ಒಪ್ಪಿಕೊಂಡೆ. ಬೇರೇನು ಒಪ್ಪಿಕೊಳ್ಳಬೇಕಾಗಿ ಬರುವುದೋ ಎಂದು ಆಗಲೇ ಯೋಚಿಸತೊಡಗಿದ್ದೆ.

ಜನವರಿಯಲ್ಲಿ, ದ್ರಾಕ್ಷಿ ಬೆಳೆಗಾರರ ಸಂತ ವಿನ್ಸೆಂಟರ ಹಬ್ಬದ ದಿನ, ತೋಟದ ಮೇಸ್ತ್ರಿ ಆನ್ಸೆಲ್ಮ್ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಸತ್ತಿದ್ದ. ಮೇಲೆ ನಾವೆಲ್ಲ ಕುಣಿಯುತ್ತಿದ್ದೆವು. ಅವನ ಎದೆಯ ಮೇಲಿನ ಹಬ್ಬದ ಪಟ್ಟಿಯಲ್ಲಿ ರಕ್ತ ಒಣಗುವ ತನಕ ಯಾರೂ ಅವನನ್ನು ಹುಡುಕಲಿಲ್ಲ. ಮೂರು ತಿಂಗಳು ಅದು ಕುಡಿದು ಬಿದ್ದ ಸಾವಾಗಿತ್ತು. ಮೊನ್ನೆ ಸೋಮವಾರ ಸತ್ತವನ ಬೀಗದ ಕೈಗೊಂಚಲು ಕುದುರೆ ಲಾಯದ ಹುರುಳಿ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಂದಿನಿಂದ ಅದು ಕೊಲೆ, ಕುದುರೆಯವನಾದ ಗ್ರೆಗ್ವಾರ್ ಕೊಲೆಗಾರ.

ಗ್ರೆಗ್ವಾರ್ ನನ್ನ ವಿದ್ಯಾರ್ಥಿ. ಅವನಿಗೆ ಭಾಗಾಕಾರ ಕಲಿಸಲು ನಾನು ಎರಡು ವರ್ಷ ತೆಗೆದುಕೊಂಡೆ, ಅವನು ಎರಡು ವಾರದಲ್ಲಿ ಮರೆತ. ಈ ಎಸ್ಟೇಟಿನಲ್ಲಿ ಟ್ರ್ಯಾಕ್ಟರು ಮಣ್ಣು ತುಳಿಯುವಂತಿಲ್ಲ; ಸಾಲುಗಳ ನಡುವೆ ಉಳುವುದು ಅವನೂ ಅವನ ಕುದುರೆ ಕೊಕೆತ್‌ಳೂ. ಅವನನ್ನು ಹಿಡಿದೊಯ್ದ ಮೇಲೆ ಕೊಕೆತ್ ಹುಲ್ಲು ಮೂಸಿಲ್ಲ. ಇವತ್ತು ಸಂಜೆ ಐದಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಒಮ್ಮೆ ಆ ಬಾಗಿಲು ದಾಟಿದರೆ ವಿಚಾರಣೆಗೆ ಎರಡು ವರ್ಷ ಕಾಯುವುದು ಜೈಲಿನಲ್ಲಿ.

"ಆನ್ಸೆಲ್ಮ್ ಹಬ್ಬದ ಊಟದಲ್ಲಿ ಕೂಗಿ ಹೇಳಿದ್ದು ನಿಮಗೂ ಕೇಳಿಸಿತ್ತಾ?" ಎಂದು ಕ್ಯಾಪ್ಟನ್ ಕೇಳಿದರು.

"ಇಡೀ ಪಂಕ್ತಿಗೇ ಕೇಳಿಸಿತ್ತು. 'ಈ ಮನೆಯ ಮಾನ ಒಂದು ಕಾಗದದಲ್ಲಿದೆ, ಕಾಗದ ನನ್ನ ಹತ್ರ ಇದೆ, ಈಸ್ಟರ್‌ವರೆಗೂ ಯಾರೂ ಅಗೆಯದ ಕಡೆ ಇಟ್ಟಿದೀನಿ' ಅಂದ."

ಕಾಗದವೇನೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಈಗ ಕ್ಯಾಪ್ಟನ್‌ಗೆ ಗೊತ್ತು. ದ್ರಾಕ್ಷಿ ಎಲೆ ಪರೀಕ್ಷೆ ಮಾಡಿದ ಪ್ರಯೋಗಾಲಯದಿಂದ ಆನ್ಸೆಲ್ಮ್ ಹೆಸರಿನ ರಸೀದಿ ಸಿಕ್ಕಿದೆ, ಫಲಿತಾಂಶ ಮಾತ್ರ ಅವನ ಕೈಗೇ ಹೋಗಿದೆ. ಕಳೆದ ಜುಲೈ ತುಂಬ ಮಳೆ. ಎಲೆಗಳಿಗೆ ಬೂಜು ಹತ್ತಿತು. ನಮ್ಮದು ಸಾವಯವ ತೋಟ, ಅದಕ್ಕೆ ಮೈಲುತುತ್ತ, ಸುಣ್ಣ, ಗಂಧಕ ಬಿಟ್ಟು ಬೇರೇನೂ ಹೊಡೆಯುವಂತಿಲ್ಲ. ಆದರೂ ಮೇಲಿನ ತೋಟ ಮಾತ್ರ ಒಂದೇ ವಾರದಲ್ಲಿ ಪವಾಡದಂತೆ ಹಸಿರಾಯಿತು. ಪವಾಡಗಳನ್ನು ನಂಬದ ಆನ್ಸೆಲ್ಮ್, ಯಾರೋ ಕದ್ದು ರಾಸಾಯನಿಕ ಹೊಡೆಸಿದ್ದಾರೆಂದು ಶಂಕಿಸಿ, ಎಲೆ ಕಿತ್ತು ಪರೀಕ್ಷೆಗೆ ಕಳಿಸಿದ.

ಈಸ್ಟರ್‌ವರೆಗೂ ಯಾರೂ ಅಗೆಯದ ಜಾಗ ಇಲ್ಲಿ ಒಂದೇ, ಈ ಕೊಂಬಿನ ಗುಂಡಿ. ಶರತ್ಕಾಲದಲ್ಲಿ ಹಸುವಿನ ಕೊಂಬಿಗೆ ಸಗಣಿ ತುಂಬಿ, ಬಾಯಿ ಕೆಳಗಾಗಿ ಹುಗಿದು, ಚಳಿಗಾಲವೆಲ್ಲ ಬಿಟ್ಟು, ವಸಂತದಲ್ಲಿ ತೆಗೆದು ನೀರಿಗೆ ಕದಡಿ ತೋಟಕ್ಕೆ ಚಿಮುಕಿಸುತ್ತಾರೆ. ನಲವತ್ತು ವರ್ಷದ ಹಿಂದೆ ಹಿರಿಯ ಯಜಮಾನ ಓಬಾಂ ಇದನ್ನು ಶುರುಮಾಡಿದಾಗ ಊರು ಅವರನ್ನು 'ಸಗಣಿ ದೊರೆ' ಎಂದು ಕರೆಯಿತು. ಆಮೇಲೆ ಜಗತ್ತಿನ ದೊಡ್ಡ ಹೋಟೆಲುಗಳು ಅದೇ ಸಗಣಿಯ ವೈನಿಗಾಗಿ ಸಾಲು ನಿಂತವು. ಊರು ನಗು ನಿಲ್ಲಿಸಿತು, ಹೆಸರನ್ನು ಮಾತ್ರ ಬಿಡಲಿಲ್ಲ.

"ಹುಗಿಯೋವಾಗ ಗ್ರೆಗ್ವಾರ್ ಜೋರಾಗಿ ಎಣಿಸಿದಾನೆ, ನಲವತ್ತೆರಡು. ಎಲ್ಲರೂ ಕೇಳಿದಾರೆ," ಎಂದರು ಕ್ಯಾಪ್ಟನ್. "ಒಂದರೊಳಗೆ ಆನ್ಸೆಲ್ಮ್ ಕಾಗದ ಇಟ್ಟು ಮೇಣ ಹುಯ್ದಿದಾನೆ. ಅದನ್ನ ಒಡೀದೆ ಕಾಗದ ಈಚೆ ಬರಲ್ಲ." ಅಂಗೈ ತೆರೆದರು. ಗುಂಡಿಯ ತಳದಲ್ಲಿ ಸಿಕ್ಕ ಕೊಂಬಿನ ಚೂರು, ಅದಕ್ಕೆ ಅಂಟಿದ ಉಗುರಷ್ಟು ಮೇಣ. "ಒಡೆದವನಿಗೆ ಒಂದು ಕಡಿಮೆ ಬಿತ್ತು. ಎಣಿಕೆ ತಪ್ಪಬಾರದು ಅಂತ ಇನ್ನೊಂದು ತಂದಿಟ್ಟ. ಮೂಸಿ ನೋಡಿ."

ಉಳಿದವುಗಳಲ್ಲಿ ಸಗಣಿ ಕಪ್ಪಾಗಿ, ಮಳೆ ಬಿದ್ದ ಕಾಡುಮಣ್ಣಿನ ವಾಸನೆಗೆ ತಿರುಗಿತ್ತು. ಎತ್ತಿನ ಕೊಂಬಿನೊಳಗಿನದು ಇನ್ನೂ ಹಸಿರು, ಇನ್ನೂ ಸಗಣಿ.

"ಚಳಿಗಾಲದ ಮಧ್ಯದಲ್ಲಿ ಇಟ್ಟಿದ್ದು," ಎಂದೆ.

"ಬುಡದಲ್ಲಿ ಮೊಳೆ ತೂತೂ ಇದೆ. ಯಾವುದೋ ಗೋಡೇಲಿ ಇದ್ದದ್ದು."

ಬೇಲಿಯ ಆಚೆಯಿಂದ ನಗು ಕೇಳಿಸಿತು. ವೈನ್ ಸಲಹೆಗಾರ ಕೂರ್ತೋ ಅಲ್ಲಿ ಸಿಗರೇಟು ಹಚ್ಚಿ ನಿಂತಿದ್ದ. ಮೇಲಿನ ತೋಟದ ಪವಾಡಕ್ಕೆ ಔಷಧಿ ಬರೆದುಕೊಟ್ಟವನು ಇವನೇ ಎಂದು ಊರು ಪಿಸುಗುಟ್ಟುತ್ತಿತ್ತು, ನಾನೂ ಪಿಸುಗುಟ್ಟಿದ್ದೆ.

"ಕ್ಯಾಪ್ಟನಮ್ಮ, ಕೊಂಬು ಎಣಿಸೋಕೂ ಸರ್ಕಾರ ಸಂಬಳ ಕೊಡುತ್ತಾ? ಮೊದಲೇ ಗೊತ್ತಿದ್ರೆ ನಾನೂ ಪೊಲೀಸ್ ಸೇರ್ತಿದ್ದೆ."

"ನಿಮ್ಮಂಥೋರನ್ನ ನಾವು ಸೇರಿಸ್ಕೊಳ್ಳೋದು ಬೇರೆ ಬಾಗಿಲಲ್ಲಿ," ಎನ್ನುತ್ತ ಅವರು ಎರಡು ಕೊಂಬುಗಳನ್ನು ಒಂದಾದ ಮೇಲೊಂದು ಅವನತ್ತ ಎಸೆದರು. "ಹೇಗಿವೆ?"

ಅವನು ಹಿಡಿದು, ಸಿಗರೇಟು ತುಟಿಯಲ್ಲೇ ಇಟ್ಟುಕೊಂಡು, ನೋಡಿದ. "ಇವಳು ಆರು ಸೂಲು. ಮಧ್ಯ ಒಂದು ವರ್ಷ ಗಬ್ಬ ನಿಂತಿಲ್ಲ, ಪಾಪ. ಇದು..." ಮುಖ ಗಂಟಿಕ್ಕಿದ. "ಇದು ಎತ್ತು ಕಣ್ರೀ! ಎತ್ತಿನ ಕೊಂಬು ಹುಗಿದವನು ಯಾವನು? ಓಬಾಂ ಸಾಹೇಬ್ರು ಇದ್ದಿದ್ರೆ ಅವನನ್ನೂ ಪಕ್ಕದಲ್ಲೇ ಹುಗೀತಿದ್ರು."

ಕ್ಯಾಪ್ಟನ್ ನನ್ನತ್ತ ತಿರುಗಿದರು. ದನಿ ತಗ್ಗಿತು. "ಇವನಲ್ಲ. ಗ್ರೆಗ್ವಾರ್ ಅಂತೂ ಅಲ್ಲವೇ ಅಲ್ಲ, ಅವನು ಕೊಟ್ಟಿಗೇಲಿ ಹುಟ್ಟಿದವನು. ಈ ಊರಲ್ಲಿ ಹುಟ್ಟಿದ ಯಾರೂ ಅಲ್ಲ. ಎತ್ತಿನ ಕೊಂಬೇ ಸರಿ ಅಂತ ನಂಬಿರೋ ಮನುಷ್ಯ ಒಬ್ಬ ನಂಗೆ ಬೇಕು, ಮೇಷ್ಟ್ರೇ. ಐದು ಗಂಟೆಯೊಳಗೆ. ಇಲ್ಲದಿದ್ರೆ ನ್ಯಾಯಾಧೀಶರು ಈ ಬಳೆ ಕಥೆ ಕೇಳಿ ನಕ್ಕುಬಿಡ್ತಾರೆ."

ನಾನು ಗುಂಡಿಯೊಳಗೆ ನೋಡುತ್ತ ನಿಂತೆ. ಅಂಥ ಮನುಷ್ಯ ಒಬ್ಬ ನನಗೆ ಚೆನ್ನಾಗಿಯೇ ಗೊತ್ತಿದ್ದ.

ನಾನು ಈ ಊರಿನವನಲ್ಲ. ಉತ್ತರದ ಬಂದರೊಂದರಲ್ಲಿ ಮೀನಿನ ನಡುವೆ ಬೆಳೆದು, ಮೂವತ್ತು ವರ್ಷದ ಹಿಂದೆ ಇಲ್ಲಿಯ ಶಾಲೆಗೆ ಬಂದೆ. ಈಗ ನಿವೃತ್ತ. ಕಳೆದ ವರ್ಷ ಎಸ್ಟೇಟಿನವರು ತಮ್ಮ ಇತಿಹಾಸ ಬರೆದುಕೊಡಿ ಎಂದರು. ಒಂಬತ್ತನೆಯ ಅಧ್ಯಾಯ ಓಬಾಂರ ಸಾವಯವ ಬೇಸಾಯದ್ದು. ಅದರಲ್ಲಿ ನನ್ನದೇ ಕೈಯಲ್ಲಿ ಬರೆದಿದ್ದೇನೆ: 'ನಲವತ್ತೆರಡು ಎತ್ತಿನ ಕೊಂಬುಗಳು ಚಳಿಗಾಲದುದ್ದಕ್ಕೂ ಭೂಮಿಯ ಗರ್ಭದಲ್ಲಿ ಧ್ಯಾನಿಸುತ್ತವೆ.' ಗುಂಡಿಯ ಹತ್ತಿರ ಇವತ್ತಿನವರೆಗೆ ನಾನು ಒಮ್ಮೆಯೂ ಬಂದವನಲ್ಲ. ಯಾರನ್ನೂ ಕೇಳಲಿಲ್ಲ. ಹಸುವಿಗಿಂತ ಎತ್ತು ಆ ವಾಕ್ಯದಲ್ಲಿ ಗಂಭೀರವಾಗಿ ಕೂತಿತ್ತು.

ಆ ಅಧ್ಯಾಯಕ್ಕೆ ಇದ್ದದ್ದು ಒಂದೇ ಪ್ರತಿ. ಡಿಸೆಂಬರಿನಲ್ಲಿ ಅದನ್ನು ಒಬ್ಬರ ಕೈಗೆ ಕೊಟ್ಟಿದ್ದೆ.

ಬ್ಲಾಂದೀನ್‌ಗೆ. ಓಬಾಂರ ಒಬ್ಬಳೇ ಮಗಳು, ಈಗಿನ ಯಜಮಾನಿ. ತಾಯಿಯ ಜೊತೆ ಪ್ಯಾರಿಸ್ಸಿನಲ್ಲಿ ಬೆಳೆದು, ತಂದೆ ಸತ್ತ ಮೇಲೆ ಎರಡು ವರ್ಷದ ಹಿಂದೆ ಬಂದವಳು. ವೈನನ್ನು ಐದು ಭಾಷೆಯಲ್ಲಿ ಮಾರಬಲ್ಲಳು. ತೋಟಕ್ಕೆ ಇಳಿದದ್ದನ್ನು ನಾನು ಕಂಡಿಲ್ಲ. ಪ್ರತಿ ಅಧ್ಯಾಯ ತೆಗೆದುಕೊಂಡು ಹೋದಾಗಲೂ ನನಗೆ ಕುರ್ಚಿ ಎಳೆದು ಕೊಟ್ಟು, ವಾಲ್ನಟ್ ಕೇಕು ಕತ್ತರಿಸಿ, "ಮೇಷ್ಟ್ರೇ, ನೀವಿಲ್ಲದಿದ್ರೆ ಈ ಕಲ್ಲುಗಳಿಗೆ ಬಾಯಿ ಯಾರು ಕೊಡ್ತಿದ್ರು" ಎನ್ನುತ್ತಿದ್ದಳು. ಹೆಂಡತಿ ತೀರಿಕೊಂಡ ಮೇಲೆ ನನಗೆ ಕುರ್ಚಿ ಎಳೆದುಕೊಟ್ಟವರು ಬೇರೆ ಯಾರೂ ಇಲ್ಲ.

ಕೊಕೆತ್ ಲಾಯದಲ್ಲಿ ಒಮ್ಮೆ ಕೆನೆದಳು.

"ಕ್ಯಾಪ್ಟನ್, ಆ ಮನುಷ್ಯ ನಾನೇ," ಎಂದೆ. ಉಳಿದದ್ದನ್ನೂ ಹೇಳಿದೆ.

ಅವರು ಕೈಗವಸು ಬಿಚ್ಚುತ್ತ, "ಧ್ಯಾನಿಸುತ್ತವೆ?" ಎಂದರು.

"ಹೌದು."

"ನಡೀರಿ."

ವೈನ್ ರುಚಿ ನೋಡುವ ಕೋಣೆಯಲ್ಲಿ ಬ್ಲಾಂದೀನ್ ಲೋಟಗಳನ್ನು ಒರೆಸುತ್ತಿದ್ದಳು. ನಮ್ಮನ್ನು ಕಂಡು ನಕ್ಕು, ಅಭ್ಯಾಸದಂತೆ ಕುರ್ಚಿ ಎಳೆದಳು. ನಾನು ಕೂರಲಿಲ್ಲ. ಕ್ಯಾಪ್ಟನ್ ಎರಡು ಕೊಂಬುಗಳನ್ನು ಬಿಳಿ ಮೇಜುವಸ್ತ್ರದ ಮೇಲೆ ಇಟ್ಟರು, ಮಣ್ಣು ಉದುರಿತು.

"ಇವುಗಳಲ್ಲಿ ಹಸುವಿನದು ಯಾವುದು, ಮೇಡಂ?"

"ಪರೀಕ್ಷೆನಾ?" ಬ್ಲಾಂದೀನ್ ಎರಡನ್ನೂ ನೋಡಿದಳು, ಮುಟ್ಟಲಿಲ್ಲ. "ನಂಗೆ ಗೊತ್ತಿಲ್ಲ. ಅದು ಅಪ್ಪನ ಹುಚ್ಚು. ನಾನು ಬಾಟಲಿ ಮಾರೋಳು."

"ಗುಂಡೀಲಿ ಯಾವ ಕೊಂಬು ಹುಗೀತಾರೆ ಅಂತಾನಾದ್ರೂ ಗೊತ್ತಾ?"

"ಹಸುವಿಂದೇ ಇರ್ಬೇಕು, ನೀವು ಈಗ ಕೇಳಿದ್ದು ಅದನ್ನೇ ಅಲ್ವಾ."

ಉತ್ತರ ಬೇಗ ಬಂತು, ಸರಿಯಾಗಿಯೂ ಇತ್ತು. ಕ್ಯಾಪ್ಟನ್ ಬೇರೆ ದಾರಿ ಹಿಡಿದರು.

"ಕಳೆದ ಜುಲೈಲಿ ಮೇಲಿನ ತೋಟಕ್ಕೆ ಏನು ಹೊಡೆಸಿದ್ರಿ?"

"ಮೈಲುತುತ್ತ. ಪುಸ್ತಕದಲ್ಲಿದೆ, ನೋಡ್ಕೊಳ್ಳಿ."

"ಆನ್ಸೆಲ್ಮ್ ಬೇರೆ ಹೇಳ್ತಿದ್ದ."

"ಆನ್ಸೆಲ್ಮ್ ಕುಡೀತಿದ್ದ." ಲೋಟವನ್ನು ಬೆಳಕಿಗೆ ಹಿಡಿದು, ಕಲೆಯೊಂದನ್ನು ಕಂಡು, ಮತ್ತೆ ಒರೆಸಿದಳು. "ಅಪ್ಪ ಅವನನ್ನ ತಲೆ ಮೇಲೆ ಕೂರಿಸ್ಕೊಂಡಿದ್ರು. ಮಣ್ಣು ಅವನಿಗೆ ಮಾತ್ರ ಗೊತ್ತು, ನನಗೆ ಏನೂ ಗೊತ್ತಿಲ್ಲ ಅಂತ. ಹೋದವನ ಬಗ್ಗೆ ಮಾತು ಬೇಡ, ಬಿಡಿ."

"ಒಂಬತ್ತನೇ ಅಧ್ಯಾಯ ಚೆನ್ನಾಗಿತ್ತಾ?"

ಒರೆಸುವ ಬಟ್ಟೆ ನಿಂತಿತು.

"ಯಾವ ಒಂಬತ್ತು?"

"ಮೇಷ್ಟ್ರದು. ಎತ್ತಿನ ಕೊಂಬು ಹುಗೀತಾರೆ ಅಂತ ಅದರಲ್ಲಿ ಬರೆದಿದಾರೆ. ತಪ್ಪಾಗಿ. ಆ ತಪ್ಪನ್ನ ನಿಜ ಅಂತ ನಂಬೋರು ಇಡೀ ಊರಲ್ಲಿ ಇಬ್ಬರೇ. ಬರೆದೋರು, ಓದಿದೋರು."

ಬ್ಲಾಂದೀನ್ ನನ್ನನ್ನು ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಅದೇ ನನ್ನನ್ನು ಹೆದರಿಸಿತು. ಅವಳು ಬೀರುವಿನ ಕೆಳಖಾನೆ ಎಳೆದು, ಒಂಬತ್ತು ಕಟ್ಟುಗಳನ್ನು ತಂದು ಮೇಜಿನ ಮೇಲೆ ಜೋಡಿಸಿದಳು. ನಾನೇ ಸುತ್ತಿದ ಕಂದು ಕಾಗದ, ನನ್ನದೇ ನೂಲು, ನನ್ನದೇ ಗಂಟು. ಧೂಳು.

"ಕ್ಷಮಿಸಿ, ಮೇಷ್ಟ್ರೇ. ಹೇಗೆ ಹೇಳೋದು ಅಂತ ಗೊತ್ತಾಗ್ದೆ ಸುಮ್ಮನಿದ್ದೆ. ನೀವು ಅಷ್ಟು ಆಸೆಯಿಂದ ತರ್ತಿದ್ರಿ. ನಾನು ಒಂದು ಹಾಳೆಯನ್ನೂ ಓದಿಲ್ಲ."

ಲೇಖಕನಿಗೆ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಆದರೆ ನಾನು ಅದಕ್ಕೆ ಸಿದ್ಧನಾಗಿದ್ದೆ, ಏಕೆಂದರೆ ನಾನು ಲೇಖಕನಿಗಿಂತ ಹಳೆಯ ಮೇಷ್ಟ್ರು. ಮನೆಯಲ್ಲಿ ಪಾಠ ಓದಿದ್ದೇವೆಂದು ಸುಳ್ಳು ಹೇಳುವ ಮಕ್ಕಳನ್ನು ಹಿಡಿಯಲು ಎರಡು ಹಾಳೆಗಳ ನಡುವೆ ಹಿಟ್ಟಿನ ಅಂಟನ್ನು ಚುಕ್ಕಿಯಷ್ಟು ಹಚ್ಚುತ್ತಿದ್ದೆ. ಆ ಚಾಳಿ ಬಿಟ್ಟಿಲ್ಲ. ಪ್ರತಿ ಅಧ್ಯಾಯದಲ್ಲೂ ಏಳನೆಯ ಹಾಳೆಯನ್ನು ಎಂಟನೆಯದಕ್ಕೆ ಅಂಟಿಸಿ ಕೊಟ್ಟಿದ್ದೆ.

ಗಂಟುಗಳನ್ನು ಬಿಚ್ಚತೊಡಗಿದೆ. ಸನ್ಯಾಸಿಗಳ ಅಧ್ಯಾಯ: ಅಂಟಿಯೇ ಇತ್ತು. ಕ್ರಾಂತಿಯದು: ಅಂಟಿತ್ತು. ಬೇರುಹುಳದ ಅಧ್ಯಾಯದ ಮೇಲೆ ನನಗೆ ಸ್ವಲ್ಪ ಅಭಿಮಾನವಿತ್ತು, ಅದೂ ಅಂಟಿತ್ತು. ಹೀಗೆ ಎಂಟು. ಕ್ಯಾಪ್ಟನ್ ತಾಳ್ಮೆಯಿಂದ ನಿಂತಿದ್ದರು. ಬ್ಲಾಂದೀನ್ ಮೂರನೆಯ ಕಟ್ಟಿನ ಹೊತ್ತಿಗೆ ಲೋಟವನ್ನು ಕೆಳಗಿಟ್ಟಿದ್ದಳು.

ಒಂಬತ್ತನೆಯದರಲ್ಲಿ ಏಳನೆಯ ಹಾಳೆ ಸಲೀಸಾಗಿ ತಿರುಗಿತು. ಅಂಟಿನ ಜಾಗದಲ್ಲಿ ಹರಿದ ಕಾಗದದ ಸಣ್ಣ ಬಿಳಿ ಸಿಬಿರು. ಕೊಂಬಿನ ವಾಕ್ಯ ಇದ್ದದ್ದು ಎಂಟನೆಯ ಹಾಳೆಯಲ್ಲಿ.

"ಇದನ್ನ ಓದಿ, ಮತ್ತೆ ಹಾಗೇ ಕಟ್ಟಿದಾರೆ," ಎಂದೆ. "ಒಂಬತ್ತು ಕಟ್ಟುಗಳಲ್ಲಿ ಇದೊಂದನ್ನೇ. ಅವತ್ತು ಕೊಂಬು ಕಮ್ಮಿ ಬಿದ್ದಾಗ."

ಬ್ಲಾಂದೀನ್ ಮೆಲ್ಲಗೆ ಕೇಳಿದಳು: "ಅಂಟು ಹಚ್ಚಿದ್ದನ್ನ ಯಾರು ನೋಡಿದಾರೆ, ಮೇಷ್ಟ್ರೇ?"

"ಯಾರೂ ಇಲ್ಲ. ನಾನು..."

"ಈಗ ಬಿಚ್ಚಿದ್ದೂ ನೀವೇ. ಒಂಬತ್ತಕ್ಕೆ ಅಂಟು ಹಚ್ಚಿದ್ರೋ ಇಲ್ವೋ, ಅದೂ ನಿಮಗೇ ಗೊತ್ತು."

ಗೋಡೆ ಗಡಿಯಾರದಲ್ಲಿ ಮೂರೂವರೆ. ಕ್ಯಾಪ್ಟನ್ ಎತ್ತಿನ ಕೊಂಬನ್ನು ಕೈಗೆತ್ತಿಕೊಂಡು ಅದರ ಬುಡದ ತೂತಿನೊಳಗೆ ಪೆನ್ಸಿಲ್ ತೂರಿಸಿದರು. "ಇದು ಯಾವ ಗೋಡೇಲಿತ್ತು ಅಂತ ನಿಮ್ಮಿಬ್ಬರಲ್ಲಿ ಯಾರಿಗಾದ್ರೂ ಗೊತ್ತಾ?"

ಬ್ಲಾಂದೀನ್ ಮತ್ತೆ ಲೋಟವನ್ನು ಕೈಗೆತ್ತಿಕೊಂಡಳು. ಅವಳು ಉತ್ತರಿಸುವ ಅಗತ್ಯವೂ ಇರಲಿಲ್ಲ. ಆ ಕ್ಷಣ ನನ್ನ ಕಣ್ಣಿಗೆ ಹಳೆಯ ತರಗತಿ ಕಂಡಿತು: ಕಪ್ಪು ಹಲಗೆಯ ಮೇಲ್ಭಾಗ, ವಿಜ್ಞಾನ ಪಾಠಕ್ಕೆಂದು ನಾನೇ ಮೊಳೆ ಹೊಡೆದು, ಕೆಳಗೆ 'ಎತ್ತು' ಎಂದು ಚೀಟಿ ಅಂಟಿಸಿ ತೂಗುಹಾಕಿದ ಜೋಡಿ ಕೊಂಬು. ಶಾಲೆ ಮುಚ್ಚಿದ ಮೇಲೆ ಆ ಕೋಣೆಯಲ್ಲಿ ಎಸ್ಟೇಟಿನ ಹಳೆ ಕಾಗದಗಳನ್ನು ಇಟ್ಟಿದ್ದೇವೆ. ಒಲೆಯಿಲ್ಲದ ಕೋಣೆ, ಚಳಿಗಾಲದಲ್ಲಿ ನಾನು ಕಾಲಿಡುವುದಿಲ್ಲ, ಕ್ರಿಸ್‌ಮಸ್‌ನಿಂದ ಬೀಗ ಹಾಕಿದೆ.

ಹೇಳದೆ ಇರಬಹುದಿತ್ತು. ಗಡಿಯಾರ ನೋಡಿದೆ. ಹೇಳಿದೆ.

ನಾಲ್ಕು ಗಂಟೆಗೆ ಬೀಗ ತೆಗೆದೆವು. ತಣ್ಣಗಿನ ಸೀಮೆಸುಣ್ಣದ ವಾಸನೆ. ಹಲಗೆಯ ಮೇಲೆ ಎಡಗಡೆ ಒಂದು ಕೊಂಬು; ಬಲಗಡೆ ಬರೀ ಮೊಳೆ, ಗೋಡೆಯ ಮೇಲೆ ಕೊಂಬಿನ ಆಕಾರದ ಬೆಳ್ಳನೆಯ ಗುರುತು. ಕ್ಯಾಪ್ಟನ್ ಕುರ್ಚಿ ಹತ್ತಿ ಗುಂಡಿಯ ಕೊಂಬನ್ನು ಆ ಗುರುತಿಗೆ ಹಿಡಿದು ನೋಡಿದರು. ಸರಿಯಾಗಿ ಕೂತಿತು.

"ಬೀಗದ ಕೈ ಎಷ್ಟಿವೆ?"

"ಎರಡು. ನನ್ನದೊಂದು, ಬ್ಲಾಂದೀನ್‌ದೊಂದು."

ಬಾಗಿಲಲ್ಲಿ ನಿಂತಿದ್ದ ಬ್ಲಾಂದೀನ್ ಶಾಲನ್ನು ಎಳೆದುಕೊಂಡಳು. "ನನ್ನದು ಕ್ರಿಸ್‌ಮಸ್ ದಿನ ವಾಪಸ್ ಕೊಟ್ಟೆನಲ್ಲ, ಮೇಷ್ಟ್ರೇ. ನಿಮ್ಮ ಅಡುಗೆಮನೇಲಿ, ಕಾಫಿ ಕುಡೀತಾ. ನೀವೇ ಕೊಕ್ಕೆಗೆ ಹಾಕಿದ್ರಿ. ಮರ್ತ್ರಾ?"

ಕ್ರಿಸ್‌ಮಸ್ ದಿನ ಅವಳು ಬಂದಿದ್ದಳು. ಕಾಫಿ ಕುಡಿದದ್ದೂ ನಿಜ. ಬೀಗದ ಕೈ ಕೊಟ್ಟದ್ದು ಮಾತ್ರ ಇಲ್ಲ. ಹಾಗೆಂದೆ. ಕ್ಯಾಪ್ಟನ್ ಅಂಗಳ ದಾಟಿ ನನ್ನ ಮನೆಗೆ ನಡೆದರು. ನನ್ನ ಅಡುಗೆಮನೆಗೆ ಬೀಗವಿಲ್ಲ. ಈ ಊರಲ್ಲಿ ಯಾರ ಅಡುಗೆಮನೆಗೂ ಇಲ್ಲ.

ಬಾಗಿಲ ಹಿಂದಿನ ಕೊಕ್ಕೆಯಲ್ಲಿ ನನ್ನ ಹೆಂಡತಿಯ ಏಪ್ರನ್ ಇನ್ನೂ ಇದೆ. ಕ್ಯಾಪ್ಟನ್ ಅದನ್ನು ಸರಿಸಿದರು. ಏಪ್ರನ್ನಿನ ಕೆಳಗೆ ಒಂದು ಬೀಗದ ಕೈ ತೂಗುತ್ತಿತ್ತು. ನನ್ನದು ನನ್ನ ಜೇಬಿನಲ್ಲಿತ್ತು.

"ಮೇಷ್ಟ್ರೇ," ಎಂದರು ಅವರು, ತಮ್ಮ ತಂದೆಯ ಕೊಟ್ಟಿಗೆಯಲ್ಲಿ ಕಾಯಿಲೆ ಬಿದ್ದ ದನದ ಹತ್ತಿರ ಮಾತಾಡುವಂತೆ, "ನಿಮ್ಮನ್ನ ನಂಬಬೇಕು ಅಂತ ನಂಗೂ ಇದೆ. ಆದರೆ ಎತ್ತಿನ ಕೊಂಬೇ ಸರಿ ಅಂತ ನಂಬಿದ್ದವರು ನೀವು. ಕೊಂಬು ನಿಮ್ಮದು. ಬೀಗದ ಕೈ ಎರಡೂ ನಿಮ್ಮ ಹತ್ರ. ಇಷ್ಟನ್ನೂ ಇವತ್ತು ನಂಗೆ ಹೇಳಿದ್ದೂ ನೀವೇ."

"ಗ್ರೆಗ್ವಾರ್?"

"ಅವನಿಗೆ ಬಳೆ ಎಣಿಸೋಕೆ ಬರುತ್ತೆ. ನ್ಯಾಯಾಧೀಶರು ಈಗ ನಗಲ್ಲ."

ಕಿಟಕಿಯಾಚೆ ಬ್ಲಾಂದೀನ್ ಅಂಗಳದಲ್ಲಿ ನಿಂತು ಕಾಯುತ್ತಿದ್ದಳು. ಕಂಕುಳಲ್ಲಿ ನನ್ನ ಒಂಬತ್ತನೆಯ ಅಧ್ಯಾಯವಿತ್ತು. ಈ ಊರಿನಲ್ಲಿ ನನ್ನನ್ನು ಓದಿದವಳು ಅವಳೊಬ್ಬಳೇ.

ಐದು ಗಂಟೆಗೆ ಗ್ರೆಗ್ವಾರ್‌ನನ್ನು ಬಿಟ್ಟರು. ಐದೂ ಹತ್ತಕ್ಕೆ ನನ್ನನ್ನು ಒಳಗೆ ಹಾಕಿದರು.